ಶಾಲೆಯ ಮಾಡು ಹೊತ್ತವರು

ಚಾರ್ಮಾಡಿ ಘಾಟಿಯ ಬುಡದಲ್ಲಿ, ಉಜಿರೆಯಿಂದ ಹೊರಟು ನಿಡಿಗಲ್ ಸೇತುವೆ ದಾಟಿದರೆ ಮುಂಡಾಜೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಡೆಯುವ ಸೀಮೆ. ಈ ಕಡೆಯ ಒಂದು ಸಣ್ಣ ಶಾಲೆಯಲ್ಲಿ ನಾವು ಅಕ್ಷರ ಕಲಿತದ್ದು. ಶಾಲೆಗೆ ಎರಡು ಕಟ್ಟಡ. ಹಳೆಯದು ಮುರಕಲ್ಲಿನ ಗೋಡೆಯದ್ದು, ಹಂಚಿನ ಮಾಡು, ಮುಂದೆ ಉದ್ದಕ್ಕೆ ಜಗಲಿ. ಹೊಸತು ಕಾಂಕ್ರೀಟಿನದ್ದು, ಮೇಲೆ ಚಪ್ಪಟೆ ತಾರಸಿ, ಗೋಡೆಗೆ ಗುಲಾಬಿ ಬಣ್ಣ. ಉದ್ಘಾಟನೆಯಾದ ಎರಡನೇ ಮಳೆಗಾಲಕ್ಕೇ ಹೊಸ ಕಟ್ಟಡ ಸೋರಿತು. ಆರನೇ, ಏಳನೇ ಕ್ಲಾಸಿನವರು ಬೆಂಚು ಹೊತ್ತುಕೊಂಡು ಹಳೇ ಕಟ್ಟಡಕ್ಕೆ ಬಂದು ನಮ್ಮ ಜೊತೆ ಕೂತರು. ಒಂದೇ ಕೋಣೆಯಲ್ಲಿ ಎರಡು ಪಾಠ. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಮೌರ್ಯರು. ಈಗಲೂ ಅಶೋಕ ಅಂದರೆ ನಮಗೆ ಹದಿಮೂರರ ಮಗ್ಗಿ ನೆನಪಾಗ್ತದೆ.

ಇದನ್ನೆಲ್ಲ ಮರೆತಿದ್ದೆವು. ಡಿಗ್ರಿ ಮುಗಿಸಿದ ವರ್ಷ ಪೇಟೆಯ ಒಂದು ಕಾಲೇಜಿನಲ್ಲಿ ಹಳ್ಳಿ ಶಾಲೆಗಳಿಗೆ ಸುಸ್ಥಿರ ಕಟ್ಟಡ ಅನ್ನುವ ಬಗ್ಗೆ ವಿಚಾರಸಂಕಿರಣ ಇತ್ತು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಭಾಷಣಕಾರರು ಪರದೆಯ ಮೇಲೆ ಚಿತ್ರ ತೋರಿಸಿದರು. ಮಣ್ಣಿನ ಗೋಡೆ, ಬಿದಿರಿನ ಕಂಬ, ಹುಲ್ಲಿನ ಮಾಡು. ಚಂದವೇ ಇದ್ದವು, ಸುಳ್ಳು ಯಾಕೆ ಹೇಳಬೇಕು. ಕೊನೆಗೆ ಅವರು, ನಾವೆಲ್ಲ ನಮ್ಮ ಪೂರ್ವಜರ ಮನೆಗಳಿಂದ ಕಲಿಯಬೇಕು ಅಂದರು. ನಾವು ಎದ್ದು ನಿಂತು "ಯಾರ ಪೂರ್ವಜರ ಮನೆಯಿಂದ ಸಾರ್?" ಅಂತ ಕೇಳಿದೆವು. ಸಭೆ ನಕ್ಕಿತು. ಅವರೂ ನಕ್ಕರು. ಪ್ರಶ್ನೆ ಅಲ್ಲೇ ಬಿತ್ತು. ಬಿದ್ದದ್ದನ್ನು ಎತ್ತಿಕೊಂಡು ಮನೆಗೆ ಬಂದೆವು.

ನಮ್ಮ ಪೂರ್ವಜರ ಮನೆ ಹೇಗಿತ್ತು ಅಂತ ನಮಗೆ ಗೊತ್ತುಂಟು. ಕೊರಗರ ಕೊಪ್ಪ ಕೊಂಬೆ ಸೊಪ್ಪಿನದ್ದು. ನಮ್ಮಜ್ಜನ ಗುಡಿಸಲಿಗೆ ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ಅದರಲ್ಲಿ ಒಂದು ಹಿಡಿ ಸಿಮೆಂಟು ಇರಲಿಲ್ಲ, ಒಂದು ತುಂಡು ಕಬ್ಬಿಣ ಇರಲಿಲ್ಲ. ಮಣ್ಣಿನಿಂದ ಬಂದದ್ದು ಮಣ್ಣಿಗೇ ಹೋಗುತ್ತಿತ್ತು. ಭಾಷಣಕಾರರ ಲೆಕ್ಕದಲ್ಲಿ ಅದಕ್ಕಿಂತ ಸುಸ್ಥಿರವಾದದ್ದು ಇನ್ನೊಂದಿಲ್ಲ. ಆದರೆ ಅಜ್ಜ ಹಾಗೆ ಕಟ್ಟಿದ್ದು ಭೂಮಿತಾಯಿಯ ಮೇಲಿನ ಪ್ರೀತಿಯಿಂದ ಅಲ್ಲ. ಜಾಗ ಧಣಿಯದ್ದು. ಧಣಿ "ಏಳು" ಅಂದ ದಿನ ಎದ್ದು ಹೋಗಬೇಕು. ಎದ್ದು ಹೋಗಬೇಕಾದವನು ಕಲ್ಲಿನ ಗೋಡೆ ಕಟ್ಟುತ್ತಾನಾ?

1843ರ ಐದನೇ ಕಾಯ್ದೆ ಗುಲಾಮಗಿರಿಯನ್ನು ಕಾನೂನಿನ ಪುಸ್ತಕದಿಂದ ತೆಗೆಯಿತು. ದಕ್ಷಿಣ ಕನ್ನಡದ ಗದ್ದೆಗಳಲ್ಲಿ ಅದು ಮೂಲದಾಳು ಎಂಬ ಹೆಸರಿಟ್ಟುಕೊಂಡು ಇನ್ನೂ ಹಲವು ತಲೆಮಾರು ಬದುಕಿತು. ಅಂಥ ಆಳಿನ ಗುಡಿಸಲು ಬಿದ್ದು ಮಣ್ಣಾದರೆ ಅವನು ಅಲ್ಲಿ ಬಾಳಿದ್ದ ಅನ್ನುವುದಕ್ಕೆ ಒಂದು ಕುರುಹೂ ಉಳಿಯುವುದಿಲ್ಲ. ಹಕ್ಕುಪತ್ರ ಕೇಳಲು ಹೋದ ನಮ್ಮವರನ್ನು ಕಚೇರಿಯ ಮೇಜಿನ ಆಚೆಯಿಂದ ಕೇಳುವುದು ಅದನ್ನೇ: ಇಲ್ಲಿ ನಿಮ್ಮ ಮನೆ ಇತ್ತು ಅಂತ ದಾಖಲೆ ಎಂತ ಉಂಟು? ಮಳೆ ತಿಂದ ಗೋಡೆಯನ್ನು ದಾಖಲೆಗೆ ಎಲ್ಲಿಂದ ತರುವುದು?

ಆದ್ದರಿಂದ ಶಾಲೆಯ ಕಟ್ಟಡದ ಚರಿತ್ರೆಯನ್ನು ನಾವು ಗೋಡೆಯಿಂದ ಶುರು ಮಾಡುವುದಿಲ್ಲ, ಜಾಗದಿಂದ ಶುರು ಮಾಡುತ್ತೇವೆ.

*

ಕಟ್ಟಡವೇ ಇಲ್ಲದ ಕಾಲದಲ್ಲೂ ತುಳುನಾಡಿನಲ್ಲಿ ಶಾಲೆ ಇತ್ತು. ಐಗಳ ಮಠ ಅನ್ನುತ್ತಿದ್ದರು. ಗುತ್ತಿನ ಮನೆಯ ಜಗಲಿ, ದೇವಸ್ಥಾನದ ಪೌಳಿ, ಊರ ಚಾವಡಿ, ಎಲ್ಲಿ ನೆರಳಿತ್ತೋ ಅಲ್ಲಿ ಮಕ್ಕಳು ಹೊಯ್ಗೆ ಹರಡಿ ಬೆರಳಿನಲ್ಲಿ ಅಕ್ಷರ ತಿದ್ದುತ್ತಿದ್ದರು. ಖರ್ಚಿಲ್ಲದ ಶಾಲೆ. ಹೊಯ್ಗೆಗೆ ಕಾಸು ಕೊಡಬೇಕಾಗಿರಲಿಲ್ಲ. ಆದರೆ ಆ ಜಗಲಿ, ಆ ಪೌಳಿ, ಆ ಚಾವಡಿ ಮೂರೂ ನಮ್ಮವರು ಮೆಟ್ಟಬಾರದ ಜಾಗಗಳು. ನಮ್ಮ ಮಕ್ಕಳಿಗೆ ಪಾಠ ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಜಾಗ ಆ ಕೆಲಸ ಮಾಡುತ್ತಿತ್ತು.

ಸರಕಾರಿ ಶಾಲೆ ಬಂದ ಮೇಲಾದರೂ ಏನಾಯಿತು? ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಘಟ್ಟದಾಚೆಯ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ. ಆ ಧಾರವಾಡದಲ್ಲಿ 1856ರ ಜೂನಿನಲ್ಲಿ ಒಬ್ಬ ಮಹಾರ್ ಹುಡುಗ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಫೀಸು ಕೊಡಲಿಕ್ಕೂ ತಯಾರಿದ್ದ. ಸೇರಿಸಿಕೊಳ್ಳಲಿಲ್ಲ. ಅವನೊಬ್ಬನಿಗಾಗಿ ಬಾಗಿಲು ತೆರೆದರೆ ಮಿಕ್ಕವರೆಲ್ಲ ಎದ್ದು ಹೋಗುತ್ತಾರೆ, ಶಾಲೆಯಿಂದ ಯಾರಿಗೂ ಉಪಯೋಗವಿಲ್ಲದಂತಾಗುತ್ತದೆ ಅನ್ನುವುದು ಮುಂಬಯಿ ಸರಕಾರದ ವಾದ. ಅಂಬೇಡ್ಕರರು ಈ ಪ್ರಕರಣವನ್ನು ಎತ್ತಿ ಬರೆದಿದ್ದಾರೆ. ಅವರಿಗೆ ಇದು ಓದಿ ತಿಳಿದ ಸಂಗತಿ ಮಾತ್ರ ಆಗಿರಲಿಲ್ಲ. ಸಾತಾರಾದ ಶಾಲೆಯಲ್ಲಿ ಹುಡುಗ ಅಂಬೇಡ್ಕರ್ ಕೂರುತ್ತಿದ್ದದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ, ಸಂಜೆ ಅದನ್ನು ಮನೆಗೇ ಹೊತ್ತು ತರಬೇಕಿತ್ತು. ಶಾಲೆಯ ಜವಾನನೂ ಅದನ್ನು ಮುಟ್ಟುತ್ತಿರಲಿಲ್ಲ. ಕಟ್ಟಡಶಾಸ್ತ್ರದ ಪುಸ್ತಕಗಳಲ್ಲಿ ಕಿಟಕಿ ಎಷ್ಟು ಅಗಲ, ಬಾಗಿಲು ಎಷ್ಟು ಎತ್ತರ ಅಂತ ಬರೆದಿರುತ್ತಾರೆ. ಆ ಗೋಣಿತಟ್ಟಿನ ಉದ್ದಗಲವನ್ನು ಯಾವ ನಕ್ಷೆಯಲ್ಲಿ ತೋರಿಸುವುದು?

ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು. ಶಾಲೆ ತೆರೆಯಿತು, ಅಚ್ಚುಕೂಟ ತೆರೆಯಿತು. ಮತಾಂತರವಾದವರನ್ನು ಜಾತಿಯವರು ಹೊರಗೆ ಹಾಕಿದಾಗ ಅವರಿಗೆ ಅನ್ನ ಬೇಕಲ್ಲ, ಅದಕ್ಕೆ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ತೆರೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆ ಶುರು ಮಾಡಿದ. ಹೊಳೆಬದಿಯ ಜೇಡಿ, ಘಟ್ಟದ ಕಡೆಯ ಸೌದೆ, ಊರಿನ ಕೈಗಳು. ಮಂಗಳೂರು ಹಂಚು ಎಂದು ಹೆಸರಾಯಿತು, ಹಡಗು ಹತ್ತಿತು. ಮಿಷನಿನ ಧರ್ಮದ ಬಗ್ಗೆ ನಮಗೆ ಹೇಳಲಿಕ್ಕೆ ಬೇರೆ ಮಾತುಗಳಿವೆ, ಅದು ಇಲ್ಲಿ ಬೇಡ. ಆದರೆ ಜಾತಿಯಿಂದ ಹೊರಬಿದ್ದವರ ಕೈಯಲ್ಲಿ ತಯಾರಾದ ಹಂಚು ಕ್ರಮೇಣ ಈ ಜಿಲ್ಲೆಯ ಎಲ್ಲ ಜಾತಿಯವರ ಮನೆಯ ಮೇಲೂ, ದೇವಸ್ಥಾನದ ಮೇಲೂ ಹತ್ತಿ ಕೂತಿತು ಅನ್ನುವುದನ್ನು ನೆನಪಿಡಬೇಕು. ಹಂಚಿಗೆ ಮಡಿ ಮೈಲಿಗೆ ಕೇಳಿದವರಿಲ್ಲ.

ಹಂಚಿನ ಕೆಳಗೆ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪೆನಿ ಸರಕಾರದ ಆಜ್ಞೆಯಂತೆ 1800-1801ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆ ಸುತ್ತಿದ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ, ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಇದರ ಗುಣಕ್ಕೆ ಬೆರಗಾದ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದ ಹಿಡಿದು 1807ರ ತನ್ನ ಪುಸ್ತಕದಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟ. ಇವತ್ತು ಲೋಕವೆಲ್ಲ ಅದೇ ಹೆಸರು ಹೇಳುತ್ತದೆ. ಆ ಗುಣ ಅವನಿಗೆ ಹೊಸದು. ಕೋರೆಯಲ್ಲಿ ಕಡಿಯುವವರಿಗೆ ಹಳತು. ನಮ್ಮಪ್ಪ ಇಪ್ಪತ್ತು ವರ್ಷ ಮುರಕಲ್ಲು ಕೋರೆಯಲ್ಲಿ ದುಡಿದವರು. ಗರಗಸದ ಮಿಷನ್ ಬರುವ ಮೊದಲು ಕೈಯಲ್ಲೇ ಕಡಿದವರು. ಯಾವ ಕಲ್ಲು ಗೋಡೆಗೆ, ಯಾವುದು ಪಾಯಕ್ಕೆ, ಯಾವುದು ಮೊದಲ ಮಳೆಗೇ ಕರಗಿ ಹೋಗುವ ಪೊಳ್ಳು, ಬೆರಳ ಗಂಟಿನಲ್ಲಿ ಕುಟ್ಟಿ ಹೇಳುತ್ತಾರೆ. ಅವರು ಓದಿದ್ದು ಎರಡನೇ ಕ್ಲಾಸು.

ಮುರಕಲ್ಲು, ಹಂಚು ಎರಡೂ ಕೂಡಿದ ಶಾಲಾ ಕಟ್ಟಡ ಯಾಕೆ ನಿಲ್ಲುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುರಕಲ್ಲಿಗೆ ಮೈಯೆಲ್ಲ ತೂತು, ಅದು ನೀರು ಕುಡಿಯುತ್ತದೆ. ಆದ್ದರಿಂದ ಮಾಡು ಗೋಡೆಯಿಂದ ಮುಂದಕ್ಕೆ ಚಾಚಿರಬೇಕು, ಜಗಲಿ ಇರಬೇಕು, ಗೋಡೆಗೆ ಇರಚಲು ಹೊಡೆಯಬಾರದು. ಒದ್ದೆಯಾದರೂ ಗಾಳಿಗೆ ಒಣಗಬೇಕು. ಸುಣ್ಣದ ಗಾರೆಯಾದರೆ ಒಣಗಲಿಕ್ಕೆ ಬಿಡುತ್ತದೆ, ಸಿಮೆಂಟಿನ ಗಿಲಾಯಿ ಪಸೆಯನ್ನು ಒಳಗೇ ಹಿಡಿದಿಡುತ್ತದೆ. ಹಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ, ನೀರು ಇಳಿಯುತ್ತದೆ, ಆದರೆ ಸಂದಿಯಲ್ಲಿ ಗಾಳಿ ಆಡುತ್ತದೆ. ಏಪ್ರಿಲಿನ ಸೆಕೆಯಲ್ಲಿ ಬಿಸಿಗಾಳಿ ಮೇಲೆದ್ದು ಹೊರಗೆ ಹೋಗುತ್ತದೆ. ಒಂದು ಹಂಚು ಒಡೆದರೆ ಆ ಒಂದನ್ನು ಬದಲಾಯಿಸಿದರೆ ಸಾಕು, ಇಡೀ ಮಾಡು ಬಿಚ್ಚಬೇಕಿಲ್ಲ. ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ಕಟ್ಟಿದ ಕಲ್ಲುಕುಟಿಗರು ಕಲ್ಲಿನಲ್ಲಿ ಕೂಡ ಇಳಿಜಾರು ಮಾಡನ್ನೇ ಮಾಡಿದರು. ಈ ಸೀಮೆಯ ಮಳೆಯ ಕೆಳಗೆ ಚಪ್ಪಟೆ ಮಾಡು ನಿಲ್ಲುವುದಿಲ್ಲ ಅಂತ ಆರು ನೂರು ವರ್ಷದ ಹಿಂದೆ ಕೆಲಸದವರಿಗೆ ಗೊತ್ತಿತ್ತು. ಇಂಜಿನಿಯರ್ ಕಚೇರಿಗೆ ಆ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ.

*

ಈಗ ಜಾಗದ ಮಾತಿಗೆ ಬರೋಣ.

ಕುದ್ಮುಲ್ ರಂಗರಾಯರು (1859-1928) ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ 1892ರಲ್ಲಿ ನಮ್ಮವರ ಮಕ್ಕಳಿಗೆ ಶಾಲೆ ತೆರೆದರು. ತೆರೆದದ್ದು ಬಾಡಿಗೆ ಕಟ್ಟಡದಲ್ಲಿ. ಸಾರಸ್ವತ ಬ್ರಾಹ್ಮಣ ವಕೀಲ ಹೊಲೆಯರ ಮಕ್ಕಳಿಗೆ ಪಾಠ ಹೇಳಿಸುತ್ತಾನೆ ಅಂದಾಗ ಮಂಗಳೂರು ಸುಮ್ಮನಿರುತ್ತದಾ? ಜಾತಿಯವರ ಬಹಿಷ್ಕಾರ, ಕಲಿಸಲಿಕ್ಕೆ ಮೇಲ್ಜಾತಿಯ ಮಾಸ್ತರು ಸಿಗಲಿಲ್ಲ, ಕ್ರಿಶ್ಚಿಯನ್ ಮಾಸ್ತರುಗಳು ಬಂದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಬೋಳೂರು, ಅತ್ತಾವರ, ಮೂಲ್ಕಿ, ಉಡುಪಿ ಕಡೆಗಳಲ್ಲಿ ಶಾಲೆಗಳಾದವು. ಮಕ್ಕಳಿಗೆ ಮಧ್ಯಾಹ್ನದ ಊಟ, ಕೈಕೆಲಸದ ತರಬೇತಿ ಕೂಡ ಇತ್ತು. ನಮ್ಮ ಮಕ್ಕಳು ಓದಿ ಸರಕಾರಿ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನುವ ಅವರ ಆಸೆಯನ್ನು ಎಲ್ಲ ಜಯಂತಿ ಭಾಷಣಗಳಲ್ಲೂ ಹೇಳುತ್ತಾರೆ. ಬಾಡಿಗೆ ಕಟ್ಟಡದ ವಿಷಯವನ್ನು ಯಾರೂ ಹೇಳುವುದಿಲ್ಲ. ನಮಗೆ ಅದೇ ಮುಖ್ಯ. ಬಾಡಿಗೆ ಜಾಗದಲ್ಲಿ ನಿಂತ ಶಾಲೆಯ ಆಯುಸ್ಸು ಗೋಡೆಯ ಗಟ್ಟಿತನಕ್ಕೆ ಸಂಬಂಧಪಟ್ಟದ್ದಲ್ಲ, ಜಾಗದ ಯಜಮಾನನ ಮನಸ್ಸಿಗೆ ಸಂಬಂಧಪಟ್ಟದ್ದು. ನಮ್ಮಜ್ಜನ ಗುಡಿಸಲಿನ ಕಥೆಯೂ ಅದೇ, ಚಿಲಿಂಬಿಯ ಶಾಲೆಯ ಕಥೆಯೂ ಅದೇ. ರಂಗರಾಯರು ಶಾಲೆಯ ಜೊತೆಗೆ ಮನೆ ನಿವೇಶನದ ಕೆಲಸಕ್ಕೂ ಕೈಹಾಕಿದ್ದು ಸುಮ್ಮನೆ ಅಲ್ಲ.

1919ರಲ್ಲಿ ಮದರಾಸು ಸರಕಾರ ಒಂದು ಆಜ್ಞೆ ಹೊರಡಿಸಿತು. ಅಗ್ರಹಾರ, ಚಾವಡಿ, ದೇವಸ್ಥಾನಗಳಲ್ಲಿ ನಡೆಯ��ವ ಶಾಲೆಗಳನ್ನು ಎಲ್ಲ ಜಾತಿಯ ಮಕ್ಕಳೂ ಬರಬಹುದಾದ ಜಾಗಕ್ಕೆ ಬದಲಿಸಬೇಕು ಎಂದು. ಸರಕಾರದ ಕಾಗದದಲ್ಲಿ ಜಾಗವೂ ಜಾತಿಯೂ ಒಟ್ಟಿಗೆ ಬಂದವು. ಆಜ್ಞೆ ಬಂತು, ಶಾಲೆಗಳು ಅಷ್ಟು ಬೇಗ ಎದ್ದು ಬರಲಿಲ್ಲ. ಪ್ರಾಂತ್ಯದ ಲೇಬರ್ ಇಲಾಖೆ ನಮ್ಮವರಿಗೆ ಬೇರೆ ಶಾಲೆಗಳನ್ನು ತೆರೆಯುತ್ತಾ ಹೋಯಿತು. ಇರುವ ಶಾಲೆಯ ಬಾಗಿಲು ತೆರೆಸುವುದಕ್ಕಿಂತ ಬೇರೆ ಗುಡಿಸಲು ಹಾಕುವುದು ಸುಲಭ. ಆ ಗುಡಿಸಲುಗಳಲ್ಲಿ ಕಲಿತವರು ಕೆಲವರಾದರೂ ಇದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳು ಇವತ್ತು ಮೇಷ್ಟ್ರುಗಳಾಗಿದ್ದಾರೆ, ಆದ್ದರಿಂದ ಪೂರಾ ಹಳಿಯುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. ಆದರೆ ಒಂದು ಹಳ್ಳಿಗೆ ಎರಡು ಶಾಲೆ ಆದಾಗ ಹಂಚು ಯಾವುದಕ್ಕೆ, ಹುಲ್ಲು ಯಾವುದಕ್ಕೆ ಅಂತ ಊಹಿಸಲು ಇತಿಹಾಸದ ಪದವಿ ಬೇಡ.

ಅದೇ ಬ್ರಿಟಿಷ್ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸಿನವರಿಗೆಂದು ಕಾದಿರಿಸಿದ ಭೂಮಿ ಈ ಜಿಲ್ಲೆಯಲ್ಲಿ ಉಂಟು. ಡಿ.ಸಿ. ಮನ್ನಾ ಭೂಮಿ ಅನ್ನುತ್ತಾರೆ. ಬೆಳ್ತಂಗಡಿ ತಾಲೂಕಿನಲ್ಲಿಯೂ ಉಂಟು. ಅದನ್ನು ಬಿಡಿಸಿ ನಮ್ಮವರಿಗೆ ಹಂಚಿ ಅಂತ ಸಂಘಟನೆಗಳು ತಾಲೂಕು ಕಚೇರಿಯ ಮುಂದೆ ಕೂತು ಕೂತು ತಲೆ ನರೆತವು. ಶಾಲೆಗೆ ಜಾಗ ಬೇಕಾದಾಗ, ಕಸ ಹಾಕಲು ಜಾಗ ಬೇಕಾದಾಗ ಆ ಭೂಮಿ ಎಲ್ಲಿದೆ ಅಂತ ಕಚೇರಿಗೆ ತಟ್ಟನೆ ನೆನಪಾಗುವುದೂ ಉಂಟು.

*

ಅಜ್ಜಿ ಮೂರನೇ ಕ್ಲಾಸಿನವರೆಗೆ ಹೋದವರು. ಆಗ 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಬಂದು ಕೆಲವು ವರ್ಷ ಆಗಿತ್ತು. ದಕ್ಷಿಣ ಕನ್ನಡ ಮದರಾಸಿನಿಂದ ಬಿಡಿಸಿಕೊಂಡು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗಿತ್ತು. ಅಜ್ಜಿಗೆ ಇವೆರಡೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಾಗಿಲ ಹತ್ತಿರದ ತನ್ನ ಜಾಗ. ಶಾಲೆಯ ನೆಲ ಮಣ್ಣಿನದ್ದು, ಶನಿವಾರ ಮಧ್ಯಾಹ್ನ ಸೆಗಣಿಗೆ ಕರಿ ಕಲಸಿ ಸಾರಿಸಬೇಕು. ಆ ಕೆಲಸ ನಮ್ಮ ಹುಡುಗಿಯರಿಗೆ.

"ನೆಲ ನಾನು ಸಾರಿಸಿದರೆ ಆಗ್ತಿತ್ತು ಮಗಾ. ನೀರಿನ ಕೊಡಪಾನ ನಾನು ಮುಟ್ಟಿದರೆ ಆಗ್ತಿರಲಿಲ್ಲ."

ಅಜ್ಜಿ ಇದನ್ನು ಹೇಳುವಾಗ ಸಿಟ್ಟು ಮಾಡುವುದಿಲ್ಲ, ಬೀಡಿ ಸುತ್ತುತ್ತಲೇ ಹೇಳುತ್ತಾರೆ. ಸಿಟ್ಟು ನಮಗೆ ಬಂತು. ಅದಕ್ಕಿಂತ ಹೆಚ್ಚಾಗಿ ಒಂದು ಲೆಕ್ಕ ಹೊಳೆಯಿತು.

ಹಳೇ ಶಾಲೆಗಳು ನೂರು ವರ್ಷ ನಿಂತಿವೆ, ಏನು ಕಟ್ಟಡ, ಏನು ಜ್ಞಾನ ಅಂತ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಬರೆಯುತ್ತಾರೆ. ಕಟ್ಟಡ ತಾನಾಗಿ ನಿಲ್ಲುವುದಿಲ್ಲ. ಮುಳಿಹುಲ್ಲಿನ ಮಾಡಾದರೆ ಮಳೆ ನಿಂತು ಗುಡ್ಡೆ ಒಣಗಿದ ಮೇಲೆ ಮುಳಿ ಕೊಯ್ಯಬೇಕು, ಕಟ್ಟು ಕಟ್ಟಿ ತಲೆಹೊರೆಯಲ್ಲಿ ತರಬೇಕು, ಮಳೆಗಾಲಕ್ಕೆ ಮುಂಚೆ ಹಳೇ ಹುಲ್ಲು ತೆಗೆದು ಹೊಸತು ಹೊದಿಸಬೇಕು. ಹಂಚಿನ ಮಾಡಾದರೆ ಪ್ರತಿ ಮೇ ತಿಂಗಳಲ್ಲಿ ಏಣಿ ಇಟ್ಟು ಹತ್ತಬೇಕು, ಒಡೆದ ಹಂಚು ತೆಗೆಯಬೇಕು, ಜಾರಿದ್ದನ್ನು ಕೂರಿಸಬೇಕು, ಎರಡು ಮಾಡು ಕೂಡುವ ಮೂಲೆಯ ದೋಣಿಯಲ್ಲಿ ಕಟ್ಟಿಕೊಂಡ ತರಗೆಲೆ ಬಾಚಬೇಕು. ಪಕ್ಕಾಸಿಗೆ, ರೀಪಿಗೆ ಗೆದ್ದಲು ಹತ್ತದಂತೆ ಗೇರೆಣ್ಣೆ ಬಳಿಯಬೇಕು. ಗೇರೆಣ್ಣೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಅದನ್ನು ಬಳಿಯುವವರ ಕೈ ನೋಡಿದವರಿಗೆ ಗೊತ್ತು. ಚಿಪ್ಪಿಸುಣ್ಣ ಅದ್ದಿ ಗೋಡೆಗೆ ಬಳಿಯಬೇಕು. ಇಷ್ಟನ್ನೂ ವರ್ಷ ವರ್ಷ ಮಾಡಿದರೆ ನೂರು ವರ್ಷ ನಿಲ್ಲುತ್ತದೆ. ಮೂರು ಮಳೆಗಾಲ ಬಿಟ್ಟರೆ ಬೀಳುತ್ತದೆ.

ಯಾರು ಮಾಡಿದರು? ನಮ್ಮ ಕಡೆಯ ಎಷ್ಟೋ ಶಾಲೆಗಳು ಊರ ಧಣಿಗಳ, ಪಟೇಲರ ಜಾಗದಲ್ಲಿ ಹುಟ್ಟಿದ ಅನುದಾನಿತ ಶಾಲೆಗಳು. ಗೋಡೆಯ ಮೇಲೆ ಸ್ಥಾಪಕರ ಫೋಟೋ ಇರುತ್ತದೆ, ಅದಕ್ಕೆ ಗಂಧದ ಹಾರ. ಧಣಿ ಜಾಗ ಕೊಟ್ಟದ್ದು ನಿಜ, ಮರ ಕೊಟ್ಟದ್ದು ನಿಜ. ಅದರ ಜೊತೆಗೆ ಅವರು ತಮ್ಮ ಒಕ್ಕಲಿನ ಆಳುಗಳನ್ನೂ ಕೊಟ್ಟರು. ಧಣಿಯ ಮನೆಯ ಮಾಡು ಸರಿಮಾಡಿದ ಕೈಗಳೇ ಮರುದಿನ ಶಾಲೆಯ ಮಾಡಿಗೆ ಹತ್ತಿದವು. ಅದಕ್ಕೆ ಬೇರೆ ಕೂಲಿ ಇಲ್ಲ, ಒಂದು ಹೊತ್ತಿನ ಗಂಜಿ. ಆ ಮಾಡಿನ ಕೆಳಗೆ ಅವರ ಮಕ್ಕಳು ಕೂತದ್ದು ಬಾಗಿಲ ಹತ್ತಿರ. ಹಳ್ಳಿ ಶಾಲೆಯ ಬಾಳಿಕೆಯ ಗುಟ್ಟು ಅಂದರೆ ಕಲ್ಲು, ಹಂಚು ಮತ್ತು ಬಿಟ್ಟಿ ದುಡಿಮೆ. ಮೊದಲಿನೆರಡನ್ನು ಎಲ್ಲರೂ ಹೇಳುತ್ತಾರೆ.

1974ರ ಭೂಸುಧಾರಣೆ ತಿದ್ದುಪಡಿ ಬಂತು. ದಕ್ಷಿಣ ಕನ್ನಡದಲ್ಲಿ ಅದು ಜೋರಾಗಿಯೇ ನಡೆಯಿತು, ಗೇಣಿದಾರರು ಒಡೆಯರಾದರು. ಗೇಣಿದಾರನ ಕೆಳಗೆ ದುಡಿಯುತ್ತಿದ್ದ ನಮ್ಮವರಿಗೆ ಹೆಚ್ಚೆಂದರೆ ಮನೆಯಡಿಯ ಸೆಂಟ್ಸ್ ಜಾಗ. ಆದರೂ ಒಂದು ಕೊಂಡಿ ಕಳಚಿತು. ಧಣಿ ಕರೆದರೆ ಬಿಟ್ಟಿಗೆ ಓಡಬೇಕಾದ ಗತಿ ಕಡಿಮೆಯಾಯಿತು. ಬೀಡಿ ಬಂತು, ಕೋರೆ ಬಂತು, ಘಟ್ಟದ ಮೇಲಿನ ಎಸ್ಟೇಟು ಇತ್ತು. ಧಣಿಗೂ ಶಾಲೆಯ ಮೇಲಿನ ಆಸೆ ಹಲವು ಕಡೆ ಬತ್ತಿತು. ಮುಳಿಹುಲ್ಲಿನ ಗುಡ್ಡೆಗಳು ರಬ್ಬರ್ ಗುಡ್ಡೆಗಳಾದವು, ಕುಮ್ಕಿಗೆ ಬೇಲಿ ಬಿತ್ತು. ಕೊಯ್ಯೋಣ ಅಂದರೂ ಮುಳಿ ಇಲ್ಲ.

ಬಿಟ್ಟಿ ದುಡಿಮೆ ನಿಂತದ್ದು ನಮ್ಮ ಗೆಲುವು. ಅದರ ಜಾಗದಲ್ಲಿ ಸಂಬಳದ ದುಡಿಮೆಯನ್ನು ಕೂರಿಸಬೇಕಾದ ಸರಕಾರ ಕೂರಿಸಲಿಲ್ಲ. ಶಾಲೆ ಕಟ್ಟಲಿಕ್ಕೆ ದುಡ್ಡು ಬರುತ್ತದೆ, ಕಟ್ಟಿದ ಶಾಲೆಯ ಮಾಡಿಗೆ ವರ್ಷಕ್ಕೊಮ್ಮೆ ಹತ್ತುವವನಿಗೆ ದುಡ್ಡು ಬರುವುದಿಲ್ಲ. ಬಂದರೂ ಸುಣ್ಣ, ಸೀಮೆಸುಣ್ಣ, ರಿಜಿಸ್ಟರು ಎಲ್ಲ ಸೇರಿ ಮುಗಿದುಹೋಗುವಷ್ಟು. ಮುಖ್ಯ ಮೇಷ್ಟ್ರುಗಳಾಗಿರುವ ಓದುಗರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಹತ್ತು ಮಳೆಗಾಲ ಯಾರೂ ಹತ್ತದ ಮಾಡು ಬಿದ್ದಾಗ ಇಂಜಿನಿಯರ್ ಬಂದು 'ಶಿಥಿಲ' ಅಂತ ಬರೆಯುತ್ತಾರೆ. ಮುರಕಲ್ಲೂ ಹಂಚೂ ಹಳೇ ಕಾಲದ್ದು, ಕಾಂಕ್ರೀಟು ಬೇಕು ಅಂತ ತೀರ್ಮಾನವಾಗುತ್ತದೆ. ಕಲ್ಲಿನ ಮೇಲೆ ಸುಳ್ಳು ಆರೋಪ.

1986ರ ಶಿಕ್ಷಣ ನೀತಿಯ ಹಿಂದೆಯೇ 1987ರಲ್ಲಿ ಕಪ್ಪುಹಲಗೆ ಕಾರ್ಯಾಚರಣೆ ಬಂತು. ಪ್ರತಿ ಕಿರಿಯ ಶಾಲೆಗೆ ಕನಿಷ್ಠ ಎರಡು ದೊಡ್ಡ ಕೋಣೆ, ಅಗಲ ಜಗಲಿ, ಹುಡುಗ ಹುಡುಗಿಯರಿಗೆ ಬೇರೆ ಶೌಚಾಲಯ, ಕನಿಷ್ಠ ಇಬ್ಬರು ಅಧ್ಯಾಪಕರು. ಅಗಲ ಜಗಲಿ ಅಂತ ಬರೆದ ಪುಣ್ಯಾತ್ಮ ಯಾರೋ, ಅವನಿಗೆ ಹಳ್ಳಿ ಗೊತ್ತಿತ್ತು. 2001ರಲ್ಲಿ ಸರ್ವಶಿಕ್ಷಣ ಅಭಿಯಾನ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 'ಸರ್ವಋತು ಕಟ್ಟಡ' ಎಂದು ಬರೆಯಿತು. ಅಧ್ಯಾಪಕರಿಗೊಂದು ಕೋಣೆ, ಕುಡಿಯುವ ನೀರು, ಬಿಸಿಯೂಟದ ಅಡುಗೆಕೋಣೆ, ಆಟದ ಬಯಲು, ಆವರಣ ಗೋಡೆ. ಕಾಯ್ದೆಯ ಮೇಲೆ ನಮಗೆ ಗೌರವ ಉಂಟು. ನಮ್ಮಂಥವರು ಕೇಳಬಹುದಾದ ಹಕ್ಕು ಅಂತ ಬರೆದು ಕೊಟ್ಟದ್ದು ಅದು. ಆದರೆ 'ಸರ್ವಋತು' ಅನ್ನುವುದು ಬಳ್ಳಾರಿಗೆ ಒಂದು, ಮುಂಡಾಜೆಗೆ ಇನ್ನೊಂದು. ನಕ್ಷೆ ಮಾತ್ರ ಎಲ್ಲ ಕಡೆಗೂ ಒಂದೇ ಅಚ್ಚಿನದ್ದು.

ಚಪ್ಪಟೆ ತಾರಸಿಯ ಮೇಲೆ ಎಲೆ ಬಿದ್ದು ನೀರಿನ ದಾರಿ ಕಟ್ಟುತ್ತದೆ. ನೀರು ನಿಲ್ಲುತ್ತದೆ, ಪಾಚಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಹಿಗ್ಗಿ ಮಳೆಯಲ್ಲಿ ಕುಗ್ಗಿ ಕೂದಲೆಳೆಯ ಬಿರುಕು. ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ, ಚಕ್ಕೆ ಚಕ್ಕೆಯಾಗಿ ಬೆಂಚಿನ ಮೇಲೆ ಬೀಳುತ್ತದೆ. ಆಮೇಲೆ ಏನು ಮಾಡುತ್ತಾರೆ? ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರು ಶೀಟಿನ ಮಾಡು ಹಾಕಿಸುತ್ತಾರೆ. ಮಂಗಳೂರಿನಿಂದ ಚಾರ್ಮಾಡಿಯವರೆಗೆ ಬಸ್ಸಿನಲ್ಲಿ ಕಿಟಕಿ ಬದಿ ಕೂತು ನೋಡಿ, ಮನೆಯೋ ಶಾಲೆಯೋ ಬ್ಯಾಂಕೋ, ಕಾಂಕ್ರೀಟಿನ ತಲೆಯ ಮೇಲೆ ಶೀಟಿನ ಟೊಪ್ಪಿ. ಎರಡು ಮಾಡಿಗೆ ದುಡ್ಡು ಹಾಕಿ ಒಂದು ಹಂಚಿನ ಮಾಡು ಮಾಡುತ್ತಿದ್ದ ಕೆಲಸ ಮಾಡಿಸುವುದು. ಬರೀ ಶೀಟಿನ ಮಾಡಿರುವ ಕೋಣೆಗಳಲ್ಲಂತೂ ಆಟಿಯ ಮಳೆಗೆ ಮಾಸ್ತರರ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. 2022ರಲ್ಲಿ ಹೊಸ ಶಾಲಾ ಕೋಣೆಗಳಿಗೆ ಯಾವ ಬಣ್ಣ ಬಳಿಯಬೇಕು ಅಂತ ರಾಜ್ಯದಲ್ಲಿ ದೊಡ್ಡ ಜಗಳವಾಯಿತು. ಮೇಲಿಂದ ಸೋರುವುದರ ಬಗ್ಗೆ ಅಂಥ ಜಗಳ ಆದದ್ದು ನೆನಪಿಲ್ಲ.

*

ಹಾಗಾದರೆ ಮಣ್ಣಿಗೆ, ಹುಲ್ಲಿಗೆ ಹಿಂತಿರುಗಬೇಕಾ? 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಒಂದು ಶಾಲೆಯ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಹುಲ್ಲಿನ ಮಾಡಿನ ಚಂದದ ಬಗ್ಗೆ ಮಾತಾಡುವವರು ಮೊದಲು ಆ ಊರಿನ ಹೆಸರು ಹೇಳಿ ಆಮೇಲೆ ಮುಂದುವರಿಯಬೇಕು.

ಇನ್ನೊಂದು ಊರಿನ ಹೆಸರನ್ನೂ ಹೇಳುತ್ತೇವೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಗಾಂಡೋ ಅಂತ ಒಂದು ಹಳ್ಳಿ. ಶಾಲೆಯಿಲ್ಲದ ಆ ಹಳ್ಳಿಯಿಂದ ಫ್ರಾನ್ಸಿಸ್ ಕೆರೆ ಎಂಬ ಹುಡುಗ ಪರವೂರಿನ ಶಾಲೆಗೆ ಹೋದ, ಊರಿನಲ್ಲಿ ಮೊದಲು ಶಾಲೆಗೆ ಹೋದವನೇ ಅವನು. ಬಡಗಿಯ ತರಬೇತಿಗೆಂದು ಜರ್ಮನಿಗೆ ಹೋಗಿ ಕಟ್ಟಡಶಾಸ್ತ್ರ ಓದಿ, ಓದು ಮುಗಿಯುವ ಮೊದಲೇ 2001ರಲ್ಲಿ ಊರಿಗೆ ಶಾಲೆ ಕಟ್ಟಿದ. ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಒತ್ತಿದ ಇಟ್ಟಿಗೆ, ಅದರ ಮೇಲೆ ಗೋಡೆಗೆ ತಾಗದಂತೆ ಎತ್ತಿ ನಿಲ್ಲಿಸಿದ ತಗಡಿನ ಮಾಡು, ನಡುವೆ ಗಾಳಿ. 2022ರಲ್ಲಿ ಕಟ್ಟಡಶಾಸ್ತ್ರದ ಅತಿ ದೊಡ್ಡ ಬಹುಮಾನವಾದ ಪ್ರಿಟ್ಜ್‌ಕರ್ ಅವನಿಗೆ ಬಂತು, ಆಫ್ರಿಕಾದವರಲ್ಲಿ ಮೊದಲಿಗ. ನಮಗೆ ಬಹುಮಾನಕ್ಕಿಂತ ಹಿಡಿಸಿದ್ದು ಬೇರೆ. ಜರ್ಮನಿಗೆ ಹೋಗಿ ಓದಿ ಬಂದವನು ಮಣ್ಣಿನಲ್ಲಿ ಶಾಲೆ ಕಟ್ಟುತ್ತೇನೆ ಅಂದಾಗ ಊರವರು ನಂಬಲಿಲ್ಲವಂತೆ. ಮಣ್ಣು ಮಳೆಗೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಅಜ್ಜಿಗೆ ಈ ಕಥೆ ಹೇಳಿದಾಗ "ಊರವರು ಹೇಳಿದ್ದು ಸರಿ" ಅಂದರು. ಅವರಿಗೆ ಮಣ್ಣಿನ ಗೋಡೆ ಬೇಡ. ಮಣ್ಣಿನ ಗೋಡೆಯಿಂದ ಹೊರಗೆ ಬರಲಿಕ್ಕೆ ಅವರಿಗೆ ಅರವತ್ತು ವರ್ಷ ಹಿಡಿದಿದೆ.

ನಮ್ಮಲ್ಲೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಸ್ತ್ರದವರು 1974ರಿಂದ ಹಳ್ಳಿಗಾಗಿ ಇಂಥ ಒತ್ತಿದ ಮಣ್ಣಿನ ಇಟ್ಟಿಗೆಯ ಕೆಲಸ ಮಾಡಿದ್ದಾರೆ, ಕೇರಳದಲ್ಲಿ ಲಾರಿ ಬೇಕರ್ ಜೀವನವಿಡೀ ಕಡಿಮೆ ಖರ್ಚಿನ ಕಟ್ಟಡ ಕಟ್ಟಿದರು. ಇವರ ಕೆಲಸ ದೊಡ್ಡದು. ನಮ್ಮ ತಕರಾರು ಅವರ ಮೇಲಲ್ಲ. ಇಂಥ ಯೋಜನೆ ಹಳ್ಳಿಗೆ ಇಳಿಯುವಾಗ ಜೊತೆಗೆ ಇಳಿಯುವ ಒಂದು ಶಬ್ದದ ಮೇಲೆ: ಶ್ರಮದಾನ. ಊರವರೇ ಸೇರಿ ಕಟ್ಟಿದರೆ ಖರ್ಚು ಕಡಿಮೆ, ಒಗ್ಗಟ್ಟು ಜಾಸ್ತಿ ಅಂತ. ನಾವು ನೋಡಿದ ಶ್ರಮದಾನಗಳಲ್ಲಿ ಕಲ್ಲು ಹೊತ್ತವರು ಕಾಲನಿಯವರು, ನಿಂತು ಮಾತಾಡಿದವರು ಅಧ್ಯಕ್ಷರು, ಪೇಪರಿನ ಫೋಟೋದಲ್ಲಿ ಹಾರೆ ಹಿಡಿದವರು ಇನ್ಯಾರೋ. ಒಂದು ದಿನದ ಸಂಬಳ ದಾನ ಮಾಡುವುದು ತಿಂಗಳ ಸಂಬಳದವನಿಗೆ ದಾನ. ದಿನದ ಸಂಬಳದವನಿಗೆ ಅದು ಆ ದಿನದ ಅಕ್ಕಿ.

2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ ಬಂತು. ಚಾರ್ಮಾಡಿಯ ಕಡೆಯಿಂದ ಮರ, ಬಂಡೆ, ಕೆಸರು ಕೊಚ್ಚಿಕೊಂಡು ಬಂದು ತೋಟ ಹೋಯಿತು, ಮನೆ ಹೋಯಿತು, ಗದ್ದೆಯ ಮೇಲೆ ಹೊಯ್ಗೆ ಬಿತ್ತು. ಅಡಿಕೆ ತೋಟ ಕಳೆದುಕೊಂಡವರ ನಷ್ಟ ಪತ್ರಿಕೆಯಲ್ಲಿ ಸರಿಯಾಗಿಯೇ ಬಂತು. ಹೊಳೆಬದಿಯ ಮಣ್ಣಿನ ಗೋಡೆಯ ಮನೆಗಳಿಗೆ ನಷ್ಟ ಅಂತ ಬರೆಯಲಿಕ್ಕೆ ಒಳಗೆ ಏನಿತ್ತು? ನಾವು ಮೂರು ರಾತ್ರಿ ಒಂದು ಶಾಲೆಯ ಹಂಚಿನ ಮಾಡಿನ ಕೆಳಗೆ ಮಲಗಿದೆವು. ಎಲ್ಲ ಜಾತಿಯವರೂ ಇದ್ದೆವು. ಮೊದಲ ರಾತ್ರಿ ಚಾಪೆಗಳು ಕಲಸಿಹೋದವು, ಮೂರನೇ ರಾತ್ರಿಗೆ ಯಾರೂ ಹೇಳದೆ ಬೇರೆ ಬೇರೆ ಮೂಲೆ ಸೇರಿಕೊಂಡವು. ಮಾಡು ಸೋರಲಿಲ್ಲ. ಒಂದು ಕಡೆ ಮಾತ್ರ ತೊಟ್ಟಿಕ್ಕುತ್ತಿತ್ತು. ಅಪ್ಪ ಮಲಗಿದಲ್ಲಿಂದಲೇ ಮೇಲೆ ನೋಡಿ, "ಎರಡು ಹಂಚು ಜಾರಿದೆ, ರೀಪು ಗಟ್ಟಿ ಉಂಟು" ಅಂದರು. ಆ ಮಾಡಿನ ಕಲ್ಲು ಎಲ್ಲಿಯ ಕೋರೆಯದ್ದು ಅಂತ ಕೂಡ ಹೇಳಿದರು. ಆ ಕೋರೆ ಈಗ ನೀರು ತುಂಬಿದ ಹೊಂಡ, ಸುತ್ತ ಬೇಲಿ ಇಲ್ಲ. ಇಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಈ ಜಿಲ್ಲೆಯ ಪೇಪರಿಗೆ ಹೊಸತಲ್ಲ. ಮುರಕಲ್ಲನ್ನು ಹೊಗಳುವಾಗ ನಾವು ಅದನ್ನೂ ಸೇರಿಸಿ ಹೇಳಬೇಕು.

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ, ಶಾಲೆ ಶುರುವಾಗುವ ಮೊದಲು, ನಮ್ಮ ಕಡೆಯ ಒಂದು ಶಾಲೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಸಭೆ ಇತ್ತು. ಹಳೇ ಕಟ್ಟಡದ ಮಾಡು ಸರಿಮಾಡಿಸುವ ವಿಷಯ. ಭಾನುವಾರ ಶ್ರಮದಾನ ಇಟ್ಟುಕೊಳ್ಳೋಣ ಅಂತ ಯಾರೋ ಅಂದರು. ಎಲ್ಲರೂ ಅಪ್ಪನ ಕಡೆ ನೋಡಿದರು. ಊರಿನಲ್ಲಿ ಮಾಡಿನ ಕೆಲಸ ಬಲ್ಲವರು ಈಗ ಉಳಿದಿರುವುದು ಅವರು ಮತ್ತು ಇನ್ನೊಬ್ಬರು.

ಅಪ್ಪ ಎದ್ದು ನಿಂತು, "ಹತ್ಲಿಕ್ಕೆ ಅಡ್ಡಿ ಇಲ್ಲ ಅಧ್ಯಕ್ಷರೆ. ಸಂಬಳ ಎಷ್ಟು?" ಅಂತ ಕೇಳಿದರು.

ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನಿಮ್ಮ ಮೊಮ್ಮಕ್ಕಳೂ ಇಲ್ಲೇ ಓದುವುದಲ್ವಾ ಅಂತ ಒಬ್ಬರು ಅಂದರು. "ಹೌದು, ಅದಕ್ಕೇ ಕೇಳಿದ್ದು. ಬರುವ ವರ್ಷವೂ ಯಾರಾದರೂ ಹತ್ತಬೇಕಲ್ಲ" ಅಂದರು ಅಪ್ಪ. ಮುಖ್ಯ ಟೀಚರು ಚರ್ಚೆ ಮಾಡಲಿಲ್ಲ. ನಿರ್ಣಯ ಪುಸ್ತಕ ತೆಗೆದು ಇಬ್ಬರು ಆಳು, ಮೂರು ದಿನ, ದಿನಕ್ಕೆ ಇಷ್ಟು, ಪ್ರತಿ ಮೇ ತಿಂಗಳು ಅಂತ ಬರೆದರು. ದುಡ್ಡು ಎಲ್ಲಿಂದ ಅನ್ನುವುದಕ್ಕೆ ವಾರ್ಷಿಕೋತ್ಸವದ ಶಾಮಿಯಾನದ ಖರ್ಚು ಕಡಿಮೆ ಮಾಡುವುದು ಅಂತ ಇನ್ನೊಂದು ಸಾಲು. ಅಪ್ಪ ಪುಸ್ತಕವನ್ನು ನಮ್ಮ ಕಡೆ ತಳ್ಳಿ, ಓದು ಅಂದರು. ಓದಿದೆವು. ಇನ್ನೊಮ್ಮೆ ಓದು ಅಂದರು. ಓದಿದೆವು. ಆಮೇಲೆ ಏಣಿ ಎಲ್ಲಿದೆ ಅಂತ ಕೇಳಿದರು.